ನಾದವನ್ನು ನಿಲ್ಲಿಸುವ ಕೈ: ಲೋಹಪಟ್ಟಿಕೆ ವಾದ್ಯಗಳ ಕಲಿಕೆಯಲ್ಲಿ ಬರಹ ಮತ್ತು ಮೌಖಿಕತೆ

ಘನವಾದ್ಯಗಳನ್ನು ಕುರಿತ ಚರ್ಚೆಗಳಲ್ಲಿ ಬಡಿತಕ್ಕೆ ದೊರೆತಷ್ಟು ಗಮನ, ಬಡಿದ ನಾದವನ್ನು ನಿಲ್ಲಿಸುವ ಕ್ರಮಕ್ಕೆ ದೊರೆತಿಲ್ಲ. ಈ ಹಿನ್ನೆಲೆಯಲ್ಲಿ ಅಮೆರಿಕದ ವಾದಕ ಡೇವಿಡ್ ಫ್ರೀಡ್‌ಮನ್ 1973ರಲ್ಲಿ ಹೊರತಂದ 'ವೈಬ್ರಫೋನ್ ಟೆಕ್ನಿಕ್: ಡ್ಯಾಂಪನಿಂಗ್ ಅಂಡ್ ಪೆಡಲಿಂಗ್' ಎಂಬ ಅಭ್ಯಾಸಗ್ರಂಥವು ಪರಿಶೀಲನೆಗೆ ಅರ್ಹವಾದುದು. ನಾದವನ್ನು ತಡೆಯುವುದೂ ಒಂದು ವಿದ್ಯೆ ಎಂಬ ನಿಲುವನ್ನು ಅದರ ಹೆಸರೇ ಸೂಚಿಸುತ್ತದೆ.

1920ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ವೈಬ್ರಫೋನಿನ ಅಲ್ಯೂಮಿನಿಯಂ ಪಟ್ಟಿಕೆಗಳು ಬಡಿದ ಮೇಲೆ ಬಹುಹೊತ್ತು ಅನುರಣಿಸುತ್ತವೆ. ಕಾಲಿನ ಪೆಡಲು ಎಲ್ಲ ಪಟ್ಟಿಕೆಗಳನ್ನೂ ಒಟ್ಟಿಗೆ ಬಿಡುತ್ತದೆ, ಒಟ್ಟಿಗೆ ಹಿಡಿಯುತ್ತದೆ. ಕೆಲವು ಸ್ವರಗಳು ಉಳಿದು ಒಂದು ಮಾತ್ರ ನಿಲ್ಲಬೇಕಾದಾಗ ಪೆಡಲು ನಿರುಪಯೋಗಿ. ಆಗ ಒಂದು ಕೋಲು ಮುಂದಿನ ಸ್ವರವನ್ನು ಬಡಿಯುವ ಕ್ಷಣದಲ್ಲೇ ಇನ್ನೊಂದು ಕೋಲಿನ ತಲೆ ಹಿಂದಿನ ಪಟ್ಟಿಕೆಯ ಮೇಲೆ ಒರಗಿ ಅದನ್ನು ತಣಿಸಬೇಕು. ಫ್ರೀಡ್‌ಮನ್ ಈ ಕ್ರಿಯೆಗೆ ಗುಣಾಕಾರದ ಗುರುತನ್ನು ಬಳಸಿ, ಅದರ ಸುತ್ತ ಅಭ್ಯಾಸಕೃತಿಗಳನ್ನು ಹೆಣೆದಿದ್ದಾರೆ. ಇದು ಗ್ರಂಥದ ನಿಜವಾದ ಸಾಧನೆ.

ಆದರೆ ಗುರುತು ಹೇಳುವುದು ಯಾವ ಸ್ವರ, ಯಾವಾಗ ಎಂಬುದನ್ನು ಮಾತ್ರ. ಕೋಲು ಬಿರುಸಾಗಿ ತಾಗಿದರೆ ತಡೆಯೇ ಮತ್ತೊಂದು ಬಡಿತವಾಗುತ್ತದೆ. ತಡವಾದರೆ ಸ್ವರಗಳು ಕಲಸಿಹೋಗುತ್ತವೆ. ಈ ಹದವನ್ನು ಕಲಿಯುವವನು ಗುರುವಿನ ಕೈಯಿಂದಲೋ ತನ್ನ ಕಿವಿಯಿಂದಲೋ ಪಡೆಯಬೇಕು. ಲಿಖಿತ ಪದ್ಧತಿಯೂ ಮೌಖಿಕತೆಯ ಆಸರೆಯಲ್ಲಿಯೇ ನಿಂತಿದೆ ಎಂಬುದು ಇದರಿಂದ ಸ್ಪಷ್ಟ.

ಬಾಲಿ ದ್ವೀಪದ ತೊಗಲುಬೊಂಬೆಯಾಟಕ್ಕೆ ನುಡಿಸುವ 'ಗೆಂದೇರ್ ವಾಯಾಂಗ್' ಈ ದೃಷ್ಟಿಯಿಂದ ತೌಲನಿಕ ಅಧ್ಯಯನಕ್ಕೆ ಒದಗುತ್ತದೆ. ಬಿದಿರಿನ ಅನುರಣಕಗಳ ಮೇಲೆ ಹತ್ತು ಕಂಚಿನ ಪಟ್ಟಿಕೆಗಳಿರುವ ಈ ವಾದ್ಯಕ್ಕೆ ಪೆಡಲಿಲ್ಲ. ಎರಡೂ ಕೈಗಳಲ್ಲಿ ಒಂದೊಂದು ಕೋಲು. ಮುಂದಿನ ಸ್ವರವನ್ನು ಬಡಿಯುವ ಕೈಯೇ ತನ್ನ ಅಂಚಿನಿಂದ ಹಿಂದಿನ ಪಟ್ಟಿಕೆಯನ್ನು ತಣಿಸುತ್ತದೆ. ಕಲಿಕೆಯ ಕ್ರಮಕ್ಕೆ 'ಮಗುರು ಪಂಗ್ಗುಲ್' ಎಂದು ಹೆಸರು. ಕೋಲನ್ನೇ ಗುರುವಾಗಿ ಕಾಣುವುದು ಅದರ ತಾತ್ಪರ್ಯ. ಗುರು ಎದುರು ಕುಳಿತು ನುಡಿಸುತ್ತಾನೆ, ಶಿಷ್ಯ ನೋಡುತ್ತ ಅನುಸರಿಸುತ್ತಾನೆ. ತಡೆಯು ಇಲ್ಲಿ ಪ್ರತ್ಯೇಕ ಪಾಠವಲ್ಲ. ಕೃತಿಯೊಡನೆಯೇ ಮೈಗೂಡುವ ಚಲನೆ. 1930ರ ದಶಕದಲ್ಲಿ ಬಾಲಿಯಲ್ಲಿ ನೆಲೆಸಿದ್ದ ಕಾಲಿನ್ ಮ್ಯಾಕ್‌ಫಿಯವರ 'ಮ್ಯೂಸಿಕ್ ಇನ್ ಬಾಲಿ' ಗ್ರಂಥವು ಅವರ ಮರಣಾನಂತರ 1966ರಲ್ಲಿ ಪ್ರಕಟವಾಯಿತು. ಅದು ಈ ಸಂಗೀತವನ್ನು ಪಾಶ್ಚಾತ್ಯ ಸ್ವರಲಿಪಿಗೆ ತಂದ ಮಹತ್ವದ ಕೃತಿ. ಆದರೆ ಸ್ವರಲಿಪಿಯಲ್ಲಿ ಉಳಿಯುವುದು ಸ್ವರದ ಅವಧಿ. ಆ ಅವಧಿಯನ್ನು ಕಡಿದ ಕೈಯಲ್ಲ.

ಇಷ್ಟರಿಂದ ಮೌಖಿಕತೆಯನ್ನು ವೈಭವೀಕರಿಸುವುದು ಸರಿಯಲ್ಲ. ಗುರುವಿನ ಸಾನ್ನಿಧ್ಯವಿಲ್ಲದವನಿಗೆ ಅದು ಮುಚ್ಚಿದ ಬಾಗಿಲು. ದೂರದ ಊರಿನ ಒಂಟಿ ಅಭ್ಯಾಸಿಗೆ ಫ್ರೀಡ್‌ಮನ್ನರ ಪುಟಗಳು ದಾರಿಯನ್ನಾದರೂ ತೋರುತ್ತವೆ. ಅವುಗಳ ಮಿತಿಯೆಂದರೆ, ಕಷ್ಟವನ್ನು ಬಿಡಿಸಿ ತೋರುವ ಭರದಲ್ಲಿ ಪ್ರದರ್ಶನದ ಸಂದರ್ಭವನ್ನು ಹಿಂದೆ ಬಿಡುವುದು.

ವಾದ್ಯಪರಂಪರೆಗಳ ದಾಖಲಾತಿಗೆ ಇದರಲ್ಲಿ ಪಾಠವಿದೆ. ಧ್ವನಿಮುದ್ರಿಕೆಯು ಕೇಳಿಸಿದ್ದನ್ನು ಕಾಪಾಡುತ್ತದೆ. ಅದನ್ನು ನಿಲ್ಲಿಸಿದ ಕೈಯನ್ನು ಕಾಪಾಡುವುದಿಲ್ಲ. ಕ್ಷೇತ್ರಕಾರ್ಯದಲ್ಲಿ ನುರಿತವರ ವಾದನದ ಜೊತೆಗೆ ಕಲಿಯುವವರ ತಪ್ಪು-ತಿದ್ದುಪಡಿಗಳನ್ನೂ ದೃಶ್ಯರೂಪದಲ್ಲಿ ದಾಖಲಿಸಬೇಕು. ಹಾಗಿಲ್ಲದಿದ್ದರೆ ಸಂಗ್ರಹಾಲಯದಲ್ಲಿ ವಾದ್ಯವೂ ನಾದವೂ ಉಳಿದು, ವಿದ್ಯೆ ಮಾತ್ರ ಕಳೆದುಹೋಗುತ್ತದೆ.