ಶಿಲೆಯ ಸಾಕ್ಷ್ಯ ಮತ್ತು ಕಾಲವಿವೇಕ

ಪ್ರಾಚೀನ ಈಜಿಪ್ಟಿನ ಜನರು ಬೃಹತ್ ಶಿಲೆಗಳನ್ನು ಹೇಗೆ ಸೀಳಿದರು, ಹೇಗೆ ಸಾಗಿಸಿದರು ಎಂಬ ಪ್ರಶ್ನೆಗೆ ಬಹುಕಾಲದಿಂದ ಪ್ರಚಾರದಲ್ಲಿರುವ ಉತ್ತರವೊಂದಿದೆ. ಬಂಡೆಯಲ್ಲಿ ಗುಳಿಗಳನ್ನು ತೋಡಿ, ಒಣಮರದ ಬೆಣೆಗಳನ್ನು ಬಡಿದು, ನೀರೆರೆದಾಗ ಅವು ಉಬ್ಬಿ ಕಲ್ಲು ಸೀಳುತ್ತಿತ್ತು; ಅನಂತರ ಅಸಂಖ್ಯಾತ ಗುಲಾಮರು ಅದನ್ನು ಎಳೆದೊಯ್ಯುತ್ತಿದ್ದರು ಎಂಬುದೇ ಆ ಉತ್ತರ. ಇದರಲ್ಲಿ ಅಸಂಭವವಾದುದೇನೂ ಇಲ್ಲವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಸಾವಿರಾರು ವರ್ಷಗಳ ಅಂತರದಲ್ಲಿ ಹುಟ್ಟಿದ ಸಾಕ್ಷ್ಯಗಳನ್ನು ಒಂದೇ ದಾರಕ್ಕೆ ಪೋಣಿಸಿರುವುದೇ ಇದರ ಮೂಲದೋಷವೆಂದು ನಮಗೆ ತೋರುತ್ತದೆ. ಆ ದೋಷವನ್ನು ಮೂರು ಸಾಕ್ಷ್ಯಗಳ ಮೂಲಕ ಪರಾಮರ್ಶಿಸುವುದು ಈ ಲೇಖನದ ಉದ್ದೇಶ.

ಮೊದಲನೆಯದು ಅಸ್ವಾನಿನ ಅಪೂರ್ಣ ಶಿಲಾಸ್ತಂಭ. ಇದನ್ನು ಸಾಮಾನ್ಯವಾಗಿ ಕ್ರಿ. ಪೂ. 15ನೆಯ ಶತಮಾನದ ಹತ್ಷೆಪ್ಸುತ್ ರಾಣಿಯ ಆಳಿಕೆಗೆ ಸೇರಿಸುತ್ತಾರೆ. ಸುಮಾರು 42 ಮೀಟರ್ ಉದ್ದದ, ಸಾವಿರ ಟನ್ನಿಗೂ ಮಿಕ್ಕಿ ತೂಗಬಹುದಾದ ಈ ಕಂಬ ಬಂಡೆಯಿಂದ ಬೇರ್ಪಡದೆ ಇಂದಿಗೂ ಗಣಿಯಲ್ಲಿಯೇ ಮಲಗಿದೆ. ಕೆತ್ತನೆ ಸಾಗಿರುವಾಗ ಕಲ್ಲು ಬಿರುಕುಬಿಟ್ಟಿತು. ಅಳತೆಯನ್ನು ಕುಗ್ಗಿಸಿ ಚಿಕ್ಕ ಕಂಬವನ್ನಾದರೂ ತೆಗೆಯಲು ಮಾಡಿದ ಯತ್ನವೂ ಕೈಗೂಡಲಿಲ್ಲ. ಪೂರ್ಣಗೊಂಡ ಕೃತಿ ತನ್ನ ನಿರ್ಮಾಣದ ಗುರುತುಗಳನ್ನು ತಾನೇ ಅಳಿಸಿಕೊಳ್ಳುತ್ತದೆ. ಅಪೂರ್ಣ ಕೃತಿಯಾದರೋ ಅವುಗಳನ್ನು ಉಳಿಸಿಕೊಡುತ್ತದೆ.

ಆ ಗುರುತುಗಳು ಏನನ್ನು ಹೇಳುತ್ತವೆ? ಕಂಬದ ಸುತ್ತಲಿನ ಕಂದಕದ ಗೋಡೆಗಳಲ್ಲಿ ಉಳಿಯ ಗೆರೆಗಳಿಲ್ಲ. ಜಜ್ಜಿ ತೆಗೆದುದರಿಂದಾದ ದುಂಡನೆಯ ತಗ್ಗುಗಳ ಸಾಲಿದೆ. ಗಣಿಯಲ್ಲಿ ಡಾಲರೈಟ್ ಎಂಬ ಗಟ್ಟಿಯಾದ ಕರಿಗಲ್ಲಿನ ಗುಂಡುಗಳು ಹೇರಳವಾಗಿ ದೊರೆತಿವೆ. ಕೆಲಸದ ಅಳತೆಯನ್ನು ಸೂಚಿಸುವ ಕೆಂಪು ಗೆರೆಗಳೂ ಇವೆ. ಈ ಗಣಿಯನ್ನು ಶೋಧಿಸಿ 1922ರಲ್ಲಿ ಗ್ರಂಥವನ್ನು ಪ್ರಕಟಿಸಿದ ರೆಜಿನಾಲ್ಡ್ ಎಂಗಲ್‌ಬಾಕ್ ಅವರು ಸ್ವತಃ ಇಂತಹ ಗುಂಡನ್ನು ಹಿಡಿದು ಬಂಡೆಯನ್ನು ಜಜ್ಜಿ ನೋಡಿದರು. ಒಂದು ಗಂಟೆಯ ಶ್ರಮಕ್ಕೆ ಕೆಲವೇ ಮಿಲಿಮೀಟರುಗಳಷ್ಟು ಕಲ್ಲು ಸವೆಯಿತು. ಎಂದಮೇಲೆ ಇಲ್ಲಿ ರಹಸ್ಯವಾದ ಉಪಕರಣವಾವುದೂ ಬೇಕಿರಲಿಲ್ಲ. ಬೇಕಾದುದು ಕಾಲ, ತೋಳ್ಬಲ ಮತ್ತು ಅಳತೆಗೋಲು ಹಿಡಿದ ಮೇಲ್ವಿಚಾರಕ.

ಹಾಗಾದರೆ ಬೆಣೆಯ ಕಥೆ ಎಲ್ಲಿಂದ ಬಂತು? ಅಸ್ವಾನಿನ ಬಂಡೆಗಳಲ್ಲಿ ಬೆಣೆಗುಳಿಗಳ ಸಾಲುಗಳಿರುವುದು ನಿಜ. ಆದರೆ ಅವು ಕಬ್ಬಿಣದ ಬಳಕೆ ಹರಡಿದ ಮೇಲಿನವು, ಹೆಚ್ಚಾಗಿ ಟಾಲೆಮಿ ಅರಸರ ಹಾಗೂ ರೋಮನರ ಕಾಲದವು, ಎಂಬುದನ್ನು ಅನಂತರದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಒಂದೇ ಗಣಿಯಲ್ಲಿ ಸಾವಿರ ವರ್ಷಗಳಿಗೂ ಹೆಚ್ಚಿನ ಅಂತರದ ಗುರುತುಗಳು ಅಕ್ಕಪಕ್ಕದಲ್ಲಿರುವಾಗ, ನೋಡುಗನ ಕಣ್ಣಿಗೆ ಎಲ್ಲವೂ ಸಮಾನವಾಗಿ ಪುರಾತನವೆನಿಸುವುದು ಸಹಜ. ಹಂಪೆಯ ಬಂಡೆಗಳಲ್ಲಿ ಇಂತಹುದೇ ಗುಳಿಸಾಲುಗಳನ್ನು ನಮ್ಮ ವಿದ್ಯಾರ್ಥಿಗಳು ಕಂಡಿದ್ದಾರೆ. ಅಲ್ಲಿ ಕೆಲಸಮಾಡಿದ ಕಲ್ಲುಕುಟಿಗರಿಗೆ ಕಬ್ಬಿಣ ಕೈಗೆಟುಕಿತ್ತು. ಹತ್ಷೆಪ್ಸುತ್ ರಾಣಿಯ ಗಣಿಯವರಿಗೆ ಅದಿರಲಿಲ್ಲ. ಗುಳಿಗಳ ಹೋಲಿಕೆಯಿಂದ ಕಾಲಗಳ ಹೋಲಿಕೆಯನ್ನು ಊಹಿಸಲಾಗದು.

ಎರಡನೆಯ ಸಾಕ್ಷ್ಯ ಚಿತ್ರರೂಪದ್ದು. ದೇರ್ ಎಲ್ ಬರ್ಷಾದಲ್ಲಿರುವ ಜೆಹುತಿಹೊತೆಪನ ಸಮಾಧಿಯ ಗೋಡೆಯಲ್ಲಿ, ಕ್ರಿ. ಪೂ. 19ನೆಯ ಶತಮಾನದ ಸುಮಾರಿಗೆ, 13 ಮೊಳ ಎತ್ತರದ ವಿಗ್ರಹವೊಂದನ್ನು ಗಾಲಿಯಿಲ್ಲದ ಮರದ ಬಂಡಿಯ ಮೇಲೆ ಕಟ್ಟಿ, ನಾಲ್ಕು ಸಾಲುಗಳಲ್ಲಿ 172 ಜನ ಎಳೆಯುತ್ತಿರುವ ದೃಶ್ಯವಿದೆ. ಬಂಡಿಯ ಮುಂದೆ ಒಬ್ಬನು ನೆಲಕ್ಕೆ ದ್ರವವನ್ನು ಸುರಿಯುತ್ತಿದ್ದಾನೆ. ಇದನ್ನು ಕೇವಲ ಧಾರ್ಮಿಕ ವಿಧಿಯೆಂದು ಕೆಲವು ವಿದ್ವಾಂಸರು ಭಾವಿಸಿದ್ದರು. 2014ರಲ್ಲಿ ಆಮ್‌ಸ್ಟರ್‌ಡಾಮಿನ ಭೌತವಿಜ್ಞಾನಿಗಳು ಪ್ರಯೋಗ ನಡೆಸಿ, ಮರಳನ್ನು ಹದವಾಗಿ ನೆನೆಸಿದರೆ ಎಳೆಯಲು ಬೇಕಾಗುವ ಬಲ ಅರ್ಧದಷ್ಟು ತಗ್ಗುವುದೆಂದು ತೋರಿಸಿದರು. ಈ ಪ್ರಯೋಗ ಬೆಲೆಯುಳ್ಳದ್ದೇ. ಆದರೂ ಇದರಿಂದ ‘ಪಿರಮಿಡ್ಡಿನ ರಹಸ್ಯ ಬಯಲಾಯಿತು’ ಎನ್ನುವುದು ಅವಸರದ ಮಾತು. ಮಹಾಪಿರಮಿಡ್ಡಿಗೂ ಈ ಚಿತ್ರಕ್ಕೂ ನಡುವೆ ಸುಮಾರು ಏಳುನೂರು ವರ್ಷಗಳಿವೆ. ಅಲ್ಲದೆ ಪ್ರಯೋಗವು ಸಾಧ್ಯತೆಯನ್ನು ಸ್ಥಾಪಿಸುತ್ತದೆ, ಘಟನೆಯನ್ನಲ್ಲ. ನೀರೆರೆದವನ ಕಾರ್ಯ ಏಕಕಾಲದಲ್ಲಿ ವಿಧಿಯೂ ಉಪಾಯವೂ ಆಗಿರಬಾರದೇಕೆ?

ಮೂರನೆಯದು ಲಿಖಿತ ಸಾಕ್ಷ್ಯ. ಕೆಂಪು ಸಮುದ್ರದ ದಡದ ವಾಡಿ ಅಲ್ ಜರ್ಫ್‌ನಲ್ಲಿ ಪಿಯರ್ ತಾಲೆ ಅವರ ತಂಡಕ್ಕೆ 2013ರಲ್ಲಿ ದೊರೆತ ಪಪೈರಸ್ ಪತ್ರಗಳು ಖುಫು ಅರಸನ ಕಾಲದವು. ಅವುಗಳಲ್ಲಿ ಮೆರೆರ್ ಎಂಬ ಅಧಿಕಾರಿಯ ದಿನಚರಿಯಿದೆ. ಅವನ ತಂಡ ತೂರಾದ ಗಣಿಯಿಂದ ಸುಣ್ಣಕಲ್ಲನ್ನು ದೋಣಿಗಳಲ್ಲಿ ಹೇರಿಕೊಂಡು ಗೀಜಾಕ್ಕೆ ಸಾಗಿಸುತ್ತಿತ್ತು. ಜೊತೆಯಲ್ಲಿ ದೊರೆತ ಪತ್ರಗಳಲ್ಲಿ ಆಹಾರ ಸರಬರಾಜಿನ ಲೆಕ್ಕಗಳಿವೆ. ಹೆಸರು, ದಿನಾಂಕ, ಪಡಿ ಎಲ್ಲವೂ ಇರುವ ಈ ಬರಹದ ಮುಂದೆ ಚಾವಟಿಯೇಟಿಗೆ ನರಳುವ ಗುಲಾಮಸಮೂಹದ ಚಿತ್ರ ನಿಲ್ಲಲಾರದು. ಆದರೆ ಕಲ್ಲನ್ನು ಮೇಲಕ್ಕೆ ಏರಿಸಿದ ಬಗೆಯನ್ನು ಮೆರೆರ್ ಹೇಳುವುದಿಲ್ಲ. ಅದು ಅವನ ಕೆಲಸವಾಗಿರಲಿಲ್ಲ. ಅವನ ಮೌನವನ್ನು ನಮ್ಮ ಕಲ್ಪನೆಯಿಂದ ತುಂಬುವ ಅಧಿಕಾರ ನಮಗಿಲ್ಲ.

ಈ ಮೂರನ್ನೂ ಒಟ್ಟಿಗೆ ನೋಡಿದಾಗ ಒಂದು ಮಾತು ಸ್ಪಷ್ಟವಾಗುತ್ತದೆ. ದಿನಚರಿ ಒಂದು ಕಾಲದ ಸುಣ್ಣಕಲ್ಲಿನದು, ಚಿತ್ರ ಇನ್ನೊಂದು ಕಾಲದ ವಿಗ್ರಹದ್ದು, ಅಪೂರ್ಣ ಸ್ತಂಭ ಮತ್ತೊಂದು ಕಾಲದ ಗ್ರಾನೈಟಿನದು. ಇವುಗಳನ್ನು ಬೆರೆಸಿ ‘ಈಜಿಪ್ಟಿನ ವಿಧಾನ’ವೆಂಬ ಏಕರೂಪದ ಕಲ್ಪನೆಯನ್ನು ಕಟ್ಟಿದರೆ, ಆ ನಾಡಿನ ಕೆಲಸಗಾರರು ತಲೆತಲಾಂತರ ಕಲಿತದ್ದು, ಬದಲಿಸಿದ್ದು, ಸೋತದ್ದು ಯಾವುದೂ ಉಳಿಯುವುದಿಲ್ಲ. ಅದ್ಭುತವೆಂದು ಕೈಮುಗಿಯುವವರೂ, ಮಾನವಸಾಧ್ಯವಲ್ಲವೆಂದು ತಲೆಯಾಡಿಸುವವರೂ ಈ ಅನ್ಯಾಯದಲ್ಲಿ ಸಮಭಾಗಿಗಳು.

ಆದುದರಿಂದ ತರಗತಿಯಲ್ಲಿ ಈ ವಿಷಯವನ್ನು ಬೋಧಿಸುವಾಗ ‘ಹೇಗೆ ಮಾಡಿದರು?’ ಎಂಬ ಪ್ರಶ್ನೆಗೆ ಮೊದಲು ‘ಯಾವಾಗ, ಯಾವ ಕಲ್ಲಿನಲ್ಲಿ?’ ಎಂದು ಕೇಳುವ ಅಭ್ಯಾಸವನ್ನು ರೂಢಿಸುವುದು ಉಚಿತ. ಗುರುತಿನ ಅರ್ಥವನ್ನು ಹೇಳುವ ಮುನ್ನ ಗುರುತಿನ ಕಾಲವನ್ನು ನಿರ್ಣಯಿಸಬೇಕು. ಅಸ್ವಾನಿನ ಬಿರಿದ ಕಂಬ ವಿದ್ಯಾರ್ಥಿಗಳಿಗೆ ಕಲಿಸಬಹುದಾದ ಮೊದಲನೆಯ ಪಾಠ ಇದೇ ಎಂದು ನಾವು ಭಾವಿಸುತ್ತೇವೆ.