ಚಿತ್ರದಾಟವೂ ಹುಡುಗರ ವಯಸ್ಸೂ

ಬರೆದ ಚಿತ್ರಗಳನ್ನು ಓಡಿಸಿ ಕಥೆ ಹೇಳಿದರೆ ಅದು ಹುಡುಗರಿಗಾಗಿಯೇ ಇರಬೇಕೆಂಬುದು ನಮ್ಮಲ್ಲಿ ಬಲವಾಗಿ ಬೇರೂರಿದ ನಂಬಿಕೆ. ನಟರು ನಟಿಸಿದ ಚಿತ್ರವಾದರೆ 'ಇದು ಮಕ್ಕಳು ನೋಡತಕ್ಕದ್ದೇ?' ಎಂದು ಒಂದು ಗಳಿಗೆ ಯೋಚಿಸುವ ತಂದೆ-ತಾಯಿ, ಅದೇ ಕಥೆ ಬಣ್ಣದ ಗೆರೆಗಳಲ್ಲಿ ಬಂದರೆ ಯೋಚನೆಯನ್ನು ಬದಿಗಿಟ್ಟು ತಮ್ಮ ಕೆಲಸಕ್ಕೆ ಏಳುತ್ತಾರೆ. ಅನ್ಯರನ್ನು ದೂರುವುದೇಕೆ? ಜಮಖಂಡಿಯ ನಮ್ಮ ಮನೆಯಲ್ಲಿ ಈಚಿನ ಒಂದು ಬೇಸಿಗೆಯ ರಜೆಯಲ್ಲಿ ನಾನೇ ಹಾಗೆ ಮಾಡಿದೆ.

ಮೊಮ್ಮಗನಿಗೆ ಒಂಬತ್ತು ವರ್ಷ. ಟೊಟೊರೊ ಎಂಬ ವನದೇವತೆಯ ಜಪಾನೀ ಚಿತ್ರವನ್ನು ನಾವಿಬ್ಬರೂ ಕೂಡಿ ನೋಡಿ ಸಂತೋಷಪಟ್ಟಿದ್ದೆವು. ಅದೇ ಘಿಬ್ಲಿ ಸ್ಟುಡಿಯೋದವರ 'ಮಿಂಚುಹುಳುಗಳ ಗೋರಿ' ಬೇಕೆಂದು ಅವನು ಕೇಳಿದ. ಹೆಸರಿನಲ್ಲಿ ಮಿಂಚುಹುಳುವಿದೆ, ಮುಖಪಟದಲ್ಲಿ ಅಣ್ಣ-ತಂಗಿಯರಿದ್ದಾರೆ. 'ನೋಡು' ಎಂದು ಹೇಳಿ ನಾನು ಒಳಗೆ ಹೋಗಿ ಮಲಗಿದೆ. ಎದ್ದು ಬರುವ ಹೊತ್ತಿಗೆ ಚಿತ್ರ ಮುಗಿದಿತ್ತು. ಹುಡುಗ ಅತ್ತಿರಲಿಲ್ಲ; ಕಪ್ಪಾದ ಪರದೆಯ ಮುಂದೆ ಸುಮ್ಮನೆ ಕೂತಿದ್ದ. ರಾತ್ರಿ ಊಟದಲ್ಲಿ ತನ್ನ ರೊಟ್ಟಿಯ ಅರ್ಧವನ್ನು ಮುರಿದು ನಾಲ್ಕು ವರ್ಷದ ತಂಗಿಯ ತಾಟಿಗೆ ಹಾಕಿದ. ಅವಳು ಬೇಡವೆಂದು ದೂಡಿದಾಗ ಅವನಿಗೆ ಬಂದ ಸಿಟ್ಟು ಆ ವಯಸ್ಸಿನದಾಗಿರಲಿಲ್ಲ. ಮೂರು ದಿನ ಹೀಗೆಯೇ ನಡೆಯಿತು.

'ಅದು ಬರೇ ಚಿತ್ರ ಅಲ್ಲೇನೋ?' ಎಂದು ನಾನು ಸಮಾಧಾನ ಹೇಳಹೋದೆ. 'ಹಂಗಾದ್ರ ಆಕಿ ಈಗ ಎಲ್ಲಿ ಅದಾಳ?' ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅಂದೇ ರಾತ್ರಿ ಒಬ್ಬನೇ ಕೂತು ಆ ಚಿತ್ರವನ್ನು ನೋಡಿದೆ.

೧೯೮೮ರಲ್ಲಿ ಇಸಾವೊ ತಕಹತ ನಿರ್ದೇಶಿಸಿದ ಚಿತ್ರವದು. ಅಕಿಯುಕಿ ನೊಸಕ ೧೯೬೭ರಲ್ಲಿ ಬರೆದ ಕಥೆ ಅದಕ್ಕೆ ಆಧಾರ. ನೊಸಕನ ಎಳೆಯ ತಂಗಿ ಯುದ್ಧದ ದಿನಗಳಲ್ಲಿ ಅನ್ನವಿಲ್ಲದೆ ತೀರಿಕೊಂಡವಳು. ತಕಹತ ತಾನೇ ೧೯೪೫ರಲ್ಲಿ ಒಕಯಾಮ ನಗರದ ಮೇಲೆ ಬಾಂಬು ಬಿದ್ದಾಗ ಪಾರಾಗಿ ಬಂದವನು. ಆಗ ಅವನಿಗೆ ನನ್ನ ಮೊಮ್ಮಗನ ವಯಸ್ಸು. ಕಥೆ ಸರಳ. ಕೋಬೆ ನಗರ ಸುಟ್ಟು ತಾಯಿ ಸತ್ತ ಮೇಲೆ ಹದಿನಾಲ್ಕು ವರ್ಷದ ಸೇಯಿತ, ನಾಲ್ಕು ವರ್ಷದ ಸೆತ್ಸುಕೊ ಬಂಧುಗಳ ಮನೆ ಸೇರುತ್ತಾರೆ. ಅಲ್ಲಿ ತುತ್ತು ತುತ್ತಿಗೂ ಮಾತು. ಮಾನಿಯಾದ ಹುಡುಗ ತಂಗಿಯನ್ನು ಕರೆದುಕೊಂಡು ನೀರಿನ ದಂಡೆಯ ಒಂದು ಗುಹೆಗೆ ಹೋಗಿ ನಿಲ್ಲುತ್ತಾನೆ. ಮಿಂಚುಹುಳು ಹಿಡಿದು ರಾತ್ರಿಯನ್ನು ಬೆಳಗಿಸಿಕೊಳ್ಳುತ್ತಾರೆ. ಬೆಳಗಾದರೆ ಹುಳುಗಳು ಸತ್ತಿರುತ್ತವೆ. ಮುಂದೆ ಹಸಿವು; ಮೊದಲು ತಂಗಿ, ಆಮೇಲೆ ಅಣ್ಣ. ಅಣ್ಣನ ಸಾವನ್ನು ತಕಹತ ಮೊದಲ ದೃಶ್ಯದಲ್ಲಿಯೇ ತೋರಿಸಿಬಿಡುತ್ತಾನೆ. ಹಿರಿಯ ನೋಡುಗನಿಗೆ ಇದು ಉಪಕಾರ. 'ಏನಾಗುವುದೋ' ಎಂಬ ಆತುರ ಬಿಟ್ಟು 'ಹೇಗಾಯಿತು' ಎಂಬುದನ್ನು ಅವನು ನೋಡಬಲ್ಲ. ಹುಡುಗನಿಗಾದರೋ ಕಥೆಯುದ್ದಕ್ಕೂ ಹಿಡಿದುಕೊಳ್ಳತಕ್ಕ ಆಸೆಯ ಹಗ್ಗವನ್ನೇ ಆರಂಭದಲ್ಲಿ ಕತ್ತರಿಸಿದಂತಾಗುತ್ತದೆ.

ಮೊಮ್ಮಗನ ಪ್ರಶ್ನೆಯ ಅರ್ಥ ನನಗೆ ಆಗ ಹೊಳೆಯಿತು. ನಟಿಸಿದ ಚಿತ್ರದಲ್ಲಿ ಸತ್ತವಳು ಸಂಜೆಗೆ ಬಣ್ಣ ತೊಳೆದು ಮನೆಗೆ ಹೋಗಿರುತ್ತಾಳೆ. ಹಾಗೆಂದು ಮಗುವಿಗೆ ಹೇಳಬಹುದು. ಸೆತ್ಸುಕೊಗೆ ಹೋಗತಕ್ಕ ಬೇರೆ ಮನೆಯಿಲ್ಲ. ಅವಳು ಇರುವುದೇ ಚಿತ್ರದಲ್ಲಿ. ಅಲ್ಲಿ ಸತ್ತರೆ ಸತ್ತಳು. ನಿಜವಾದ ನಾಲ್ಕು ವರ್ಷದ ಕೂಸನ್ನು ಕ್ಯಾಮೆರಾದ ಮುಂದೆ ಹಾಗೆ ಬಡಕಲಾಗಿಸಲು ಯಾವ ನಿರ್ದೇಶಕನಿಗೂ ಧೈರ್ಯ ಬಾರದು, ಬರಲೂ ಕೂಡದು. ಗೆರೆಗೆ ಆ ಅಡ್ಡಿಯಿಲ್ಲ. ಗೆರೆಯ ಚಿತ್ರ ಕ್ರೌರ್ಯವನ್ನು ಮೆತ್ತಗೆ ಮಾಡುತ್ತದೆಂಬ ನಮ್ಮ ನಂಬಿಕೆ ಎಷ್ಟು ಸಡಿಲವಾದದ್ದು! ಮಾಡಿದವರ ನಾಡಿನಲ್ಲಿಯೂ ಗೊಂದಲವಿತ್ತೆನ್ನಬೇಕು. ಟೊಟೊರೊ ಮತ್ತು ಈ ಚಿತ್ರ, ಎರಡೂ ೧೯೮೮ರ ಏಪ್ರಿಲಿನಲ್ಲಿ ಒಂದೇ ಆಟದ ಜೋಡಿಯಾಗಿ ಜಪಾನಿನಲ್ಲಿ ತೆರೆಕಂಡವು. ನಾನು ಮಾಡಿದ ತಪ್ಪನ್ನು ಅಲ್ಲಿ ಎಷ್ಟು ಅಜ್ಜಂದಿರು ಮಾಡಿರಬೇಕೋ!

ಇದರ ವಿರುದ್ಧ ಜಾತಿಯ ಉದಾಹರಣೆ ಶಿನ್-ಚಾನ್. ಈ ತುಂಟನನ್ನು ಯೊಶಿತೊ ಉಸುಯಿ ೧೯೯೦ರಲ್ಲಿ ಚಿತ್ರಿಸತೊಡಗಿದ್ದು ದೊಡ್ಡವರು ಓದುವ ವಾರಪತ್ರಿಕೆಯಲ್ಲಿ. ನಾಯಕನಿಗೆ ಐದು ವರ್ಷವೆಂಬುದೊಂದನ್ನೇ ನೋಡಿ ನಾವು ಅದನ್ನು ಮಕ್ಕಳ ಕೈಗೆ ಕೊಟ್ಟೆವು. ೨೦೦೮ರಲ್ಲಿ ಭಾರತದಲ್ಲಿ ಅದಕ್ಕೆ ತಡೆ ಬಿತ್ತು. ಮರುವರ್ಷ ಕತ್ತರಿ ಪ್ರಯೋಗವಾಗಿ ಮರಳಿತು. ನಾಚಿಕೆಗೇಡಿನ ದೃಶ್ಯಗಳೇನೋ ಹೋದವು. ಆದರೆ ಆ ಹಾಸ್ಯದ ತಿರುಳು ನಾಚಿಕೆಗೇಡಿತನದಲ್ಲಿರಲಿಲ್ಲ. ದಣಿದ ಗಂಡ, ರೇಗುವ ಹೆಂಡತಿ, ತೀರದ ಸಾಲ, ಇವರ ನಡುವಿನ ಸಂಸಾರವನ್ನು ಕೂಸೊಂದು ಬಯಲಿಗೆಳೆಯುವುದರಲ್ಲಿತ್ತು. ದೊಡ್ಡವರು ತಮ್ಮನ್ನು ನೋಡಿ ತಾವೇ ನಗತಕ್ಕ ಕಥೆಯದು. ದೊಡ್ಡವರು ಎದ್ದು ಹೋದ ಕೋಣೆಯಲ್ಲಿ ಉಳಿದದ್ದು ಎದುರುತ್ತರ ಕೊಡುವ ವಿದ್ಯೆ ಮಾತ್ರ.

ಸರಕಾರವಾದರೂ ವಯಸ್ಸನ್ನು ಅಂಕಿಯಲ್ಲಿ ಹೇಳದೆ ಬಿಟ್ಟಿಲ್ಲ. ಅಂತರ್ಜಾಲದ ಚಿತ್ರಗಳಿಗೆ ೨೦೨೧ರ ನಿಯಮಗಳಿಂದಲೂ ಚಿತ್ರಮಂದಿರಗಳಿಗೆ ೨೦೨೩ರ ತಿದ್ದುಪಡಿಯಿಂದಲೂ ಏಳು, ಹದಿಮೂರು, ಹದಿನಾರು ಎಂಬ ಮೆಟ್ಟಿಲುಗಳು ಬಂದಿವೆ. ಇವು ಬೇಕು. ಅಂಗಡಿಯವನು ಔಷಧದ ಸೀಸೆಗೆ ಚೀಟಿ ಅಂಟಿಸದಿದ್ದರೆ ಹೇಗೆ? ಆದರೆ ಚೀಟಿ ಸೀಸೆಯ ಒಳಗಿನದನ್ನು ಹೇಳೀತೇ ಹೊರತು ಕುಡಿಯುವವನ ಮೈಯನ್ನು ಹೇಳದು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಘಟಪ್ರಭೆಗಳು ಉಕ್ಕಿದಾಗ ಜಮಖಂಡಿ, ಮುಧೋಳ, ರಬಕವಿ-ಬನಹಟ್ಟಿಯ ಸೀಮೆಯಲ್ಲಿ ಎಷ್ಟೋ ಕೂಸುಗಳು ಪರಿಹಾರ ಕೇಂದ್ರಗಳಲ್ಲಿ ತಾಟು ಹಿಡಿದು ಸಾಲಿನಲ್ಲಿ ನಿಂತವು. ಬೀಳಗಿಯ ಕಡೆ ಆಲಮಟ್ಟಿಯ ಹಿನ್ನೀರಿಗೆ ಊರನ್ನೇ ಬಿಟ್ಟವರ ಮನೆಗಳಲ್ಲಿ ಮುಳುಗಿದ ಅಂಗಳದ ಮಾತನ್ನು ಕೇಳುತ್ತಲೇ ಮಕ್ಕಳು ಬೆಳೆದವು. ಮನೆ ಕಳೆದುಕೊಂಡ ಸೇಯಿತನ ಕಥೆಯನ್ನು ಇಂಥ ಹತ್ತು ವರ್ಷದ ಹುಡುಗ ನೋಡುವ ರೀತಿ ಬೇರೆ, ಬೆಂಗಳೂರಿನ ಹದಿನೈದರ ಹುಡುಗ ನೋಡುವ ರೀತಿ ಬೇರೆ. ಯಾರು ಹೆಚ್ಚು ಬಲಿತವರೆಂಬುದನ್ನು ಅಂಕಿ ಹೇಳಲಾರದು.

ಹಾಗಾದರೆ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಚಲಿಸುವ ಚಿತ್ರ ಅವರಿಗೆ ಹೊಸತಲ್ಲ. ಕಿಳ್ಳೇಕ್ಯಾತರು ಹದಮಾಡಿದ ತೊಗಲಿಗೆ ಬಣ್ಣ ಹಾಕಿ, ಬಿಳಿಯ ಪರದೆಯ ಹಿಂದೆ ದೀಪವಿಟ್ಟು ರಾಮಾಯಣ ಆಡಿಸಿದ್ದು ಚಿತ್ರದಾಟವಲ್ಲದೆ ಮತ್ತೇನು? ಇಂದು ಉಳಿದಿರುವ ದೀರ್ಘ ಚಿತ್ರದಾಟಗಳಲ್ಲಿ ಎಲ್ಲಕ್ಕೂ ಹಳೆಯದಾದ ೧೯೨೬ರ ಜರ್ಮನ್ ಕೃತಿಯನ್ನು ಲೊಟ್ಟೆ ರೈನಿಗರ್ ಎಂಬಾಕೆ ಕತ್ತರಿಸಿದ ನೆರಳುಬೊಂಬೆಗಳಿಂದಲೇ ಮಾಡಿದಳು. ೨೦೨೫ರಲ್ಲಿ ಕೊಪ್ಪಳದ ಕಡೆಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ಪದ್ಮಶ್ರೀ ಬಂದಾಗ ಈ ವಿದ್ಯೆಯ ಹೆಸರು ಮತ್ತೊಮ್ಮೆ ಪತ್ರಿಕೆಗಳಲ್ಲಿ ಕಾಣಿಸಿತು. ಆ ಪರದೆಯ ಮೇಲೆ ರಾಮ-ರಾವಣರ ನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಗಂಡ-ಹೆಂಡಿರು ನುಗ್ಗಿ ಆಡುವ ಮಾತು ಇಲ್ಲಿ ಅಚ್ಚುಹಾಕತಕ್ಕದ್ದಲ್ಲ. ಪಾರಿಜಾತದ ಆಟವೇನು ಕಡಿಮೆಯೇ? ಲೋಕಾಪುರದ ಕಡೆ ಊರಿಗೆ ಊರೇ ಕೂತು ನೋಡಿದ ಸತ್ಯಭಾಮೆಯ ಮತ್ಸರ ಗಂಡ-ಹೆಂಡಿರ ಜಗಳವೇ. ಮಕ್ಕಳು ಮುಂದಿನ ಸಾಲಿನಲ್ಲಿಯೇ ಇರುತ್ತಿದ್ದವು. ಯಾರೂ ವಯಸ್ಸು ಕೇಳಲಿಲ್ಲ.

ಕೇಳುವ ಅಗತ್ಯವಿರಲಿಲ್ಲ. ಆಟ ಇಡೀ ರಾತ್ರಿಯದು. ಮಕ್ಕಳಿಗೆ ನಿದ್ದೆಯೇ ಸೆನ್ಸಾರು. ಗಣಪತಿಯ ಸ್ತುತಿ, ಒಂದಿಷ್ಟು ಕುಣಿತ, ಹಾಸ್ಯ, ಅಷ್ಟರಲ್ಲಿ ಆರು ವರ್ಷದವನು ಅಜ್ಜಿಯ ತೊಡೆಯ ಮೇಲೆ ಒರಗಿರುತ್ತಿದ್ದ. ಹತ್ತು ವರ್ಷದವನು ನಡುರಾತ್ರಿಯವರೆಗೆ ಬಂದಾನು. ಕೊಲೆ, ವ್ಯಭಿಚಾರ, ಶಾಪಗಳು ಬರುವುದು ಬೆಳಗಿನ ಜಾವಕ್ಕೆ. ಅಲ್ಲಿಯವರೆಗೆ ಎಚ್ಚರವಿದ್ದವನು ನೋಡಲು ಅರ್ಹನಾದ. ವರ್ಷ ವರ್ಷಕ್ಕೆ ಹುಡುಗ ರಾತ್ರಿಯೊಳಗೆ ಒಂದೊಂದು ತಾಸು ಮುಂದೆ ಹೋಗುತ್ತಿದ್ದ. ಈ ಏರ್ಪಾಡನ್ನು ಯಾರೂ ಯೋಚಿಸಿ ಮಾಡಿದ್ದಲ್ಲ, ಆದರೂ ಕೆಲಸಮಾಡಿತು.

ಹಳೆಯದನ್ನು ಹಾಡಿಹೊಗಳುವುದು ನನ್ನ ಉದ್ದೇಶವಲ್ಲ. ನಾನು ಎಂಟೊಂಬತ್ತು ವರ್ಷದವನಿದ್ದಾಗ ನಮ್ಮ ಕಡೆಯ ಒಂದು ಜಾತ್ರೆಯಲ್ಲಿ 'ಸಂಗ್ಯಾ ಬಾಳ್ಯಾ' ಸಣ್ಣಾಟವನ್ನು ಹಟಹಿಡಿದು ಕೊನೆಯವರೆಗೆ ನೋಡಿದೆ. ಗೆಳೆಯನೇ ಗೆಳೆಯನನ್ನು ಕೊಲೆಗಾರರ ಕೈಗೆ ಕೊಡುವ ಆ ಕಥೆ ನನ್ನನ್ನು ತಿಂಗಳುಗಟ್ಟಲೆ ಕಾಡಿತು. ಬಗಲಲ್ಲಿ ಕೂತು ಬರೆಯುವ ಹುಡುಗನನ್ನು ಸಹ ನಾನು ನಂಬದಾದೆ. ಮನೆಯಲ್ಲಿ ಕೇಳಿದರೆ 'ಯಾರು ನೋಡಂದ್ರು?' ಎಂಬ ಗದರಿಕೆ. ಹಿರಿಯರು ಆಟದಲ್ಲಿ ಜೊತೆಗಿದ್ದರು, ಆಟ ಮುಗಿದ ಮೇಲೆ ಇರಲಿಲ್ಲ. ನನ್ನ ಮೊಮ್ಮಗನಿಗೆ ನಾನು ಎರಡು ಕಡೆಯೂ ಇರಲಿಲ್ಲ.

ಈಗಿನ ಯಂತ್ರಕ್ಕೆ ರಾತ್ರಿಯೆಂಬುದಿಲ್ಲ. ಬೆಳಗಿನ ಜಾವದ ದೃಶ್ಯ ಮಧ್ಯಾಹ್ನ ಎರಡಕ್ಕೆ, ಬೆರಳು ಮುಟ್ಟಿದೊಡನೆ ಬರುತ್ತದೆ. ರಬಕವಿ-ಬನಹಟ್ಟಿಯ ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿನ ನಡುವೆ ಮೂಲೆಯಲ್ಲಿ ಕೂತು ಫೋನು ನೋಡುವ ಮಕ್ಕಳನ್ನು ಕಂಡಿದ್ದೇನೆ. ತಂದೆ-ತಾಯಿ ನಾಲ್ಕು ಮಾರು ದೂರದಲ್ಲಿಯೇ ಇರುತ್ತಾರೆ. ಆದರೆ ಲಾಳಿಯ ಮೇಲಿನ ಕಣ್ಣು ತೆಗೆದರೆ ಎಳೆ ಹರಿಯುತ್ತದೆ. ಅವರನ್ನು ಅಲಕ್ಷ್ಯದವರೆನ್ನುವುದು ಅನ್ಯಾಯ. ಪುರಸೊತ್ತಿದ್ದೂ ಮಲಗಿದ ನನ್ನಂಥವರ ಮಾತು ಬೇರೆ.

ಮಕ್ಕಳಿಗೆ ಸಾವು-ನೋವು ತೋರಿಸಲೇಬಾರದೆಂಬ ವಾದವನ್ನೂ ನಾನು ಒಪ್ಪಲಾರೆ. ರನ್ನ ಹುಟ್ಟಿದ ಮುಧೋಳದ ಸೀಮೆಯವರು ಹಾಗೆನ್ನುವುದು ಹೇಗೆ? ಅವನ ಗದಾಯುದ್ಧದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ದ್ರೋಣ, ದುಶ್ಶಾಸನ, ಕರ್ಣರಿಗಾಗಿ ಮರುಗುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿಗೂ ಕೈಮುಗಿಯುತ್ತಾನೆ. ರಕ್ತ ಅಲ್ಲಿ ಬೇಕಾದಷ್ಟಿದೆ, ಆದರೆ ಒಂದೊಂದು ಸಾವಿಗೂ ಅದರ ತೂಕವಿದೆ. ಬೆಕ್ಕು ಬಂಡೆಯ ಕೆಳಗೆ ಅಪ್ಪಚ್ಚಿಯಾಗಿ ಮರುಗಳಿಗೆ ಎದ್ದು ಓಡುವ ಆಟಗಳನ್ನು ಎರಡು ವರ್ಷದ ಕೂಸಿನ ಮುಂದೆ ಹಚ್ಚಿಡುವ ನಾವು ತೂಕದ ಮಾತನ್ನು ಯೋಚಿಸುವುದೇ ಇಲ್ಲ.

೨೦೨೫ರ ಜುಲೈಯಲ್ಲಿ ಬಂದ 'ಮಹಾವತಾರ ನರಸಿಂಹ' ಚಿತ್ರದಾಟವನ್ನು ಕನ್ನಡದಲ್ಲಿಯೂ ಮನೆಮಂದಿಯೆಲ್ಲ ನೋಡಿದರು. ಪ್ರಹ್ಲಾದನ ಕಥೆಯೆಂದರೆ ತಂದೆಯೇ ಮಗನನ್ನು ಕೊಲ್ಲಹೊರಟ ಕಥೆ; ಆದರೂ ಅಜ್ಜಿಯರು ಅದನ್ನು ಮೂರು ವರ್ಷದವರಿಗೂ ಹೇಳಿದ್ದಾರೆ. ಕೇಳಿದ ಕಥೆಯಲ್ಲಿ ಮಗು ನರಸಿಂಹನ ಉಗುರನ್ನು ತನಗೆ ತಾಳುವಷ್ಟೇ ಉದ್ದ ಬರೆದುಕೊಳ್ಳುತ್ತದೆ. ಚಿತ್ರ ಆ ಅಳತೆಯನ್ನು ತಾನೇ ನಿಶ್ಚಯಿಸಿ, ಕಿವಿಗಡಚಿಕ್ಕುವ ಸದ್ದಿನೊಡನೆ ಕೊಡುತ್ತದೆ. ಕಥೆ ಗೊತ್ತಿದೆಯೆಂದ ಮಾತ್ರಕ್ಕೆ ಚಿತ್ರವೂ ತಕ್ಕದ್ದೆಂದು ತಿಳಿಯುವುದು ಅವಸರ. ದೇವರ ಹೆಸರು ಇಲ್ಲಿ ಚೀಟಿಯ ಕೆಲಸ ಮಾಡಲಾರದು.

ಆದುದರಿಂದ ನನ್ನ ತೀರ್ಮಾನ ಇಷ್ಟು. ಹುಡುಗನಿಗೆ ಎಷ್ಟು ವರ್ಷ ಎಂಬುದು ಎರಡನೆಯ ಪ್ರಶ್ನೆ. ಕೊನೆಯವರೆಗೆ ಅವನ ಬದಿಗೆ ಕೂಡಲು, ಮುಗಿದ ಮೇಲೆ ಅವನು ಕೇಳಿದ್ದಕ್ಕೆ ಗದರದೆ ಮಾತಾಡಲು ನಾನು ಸಿದ್ಧನಿದ್ದೇನೆಯೇ ಎಂಬುದು ಮೊದಲನೆಯದು. ಸಿದ್ಧನಿಲ್ಲದ ದಿನ ಚೀಟಿಯ ಅಂಕಿಗಿಂತ ಎರಡು ವರ್ಷ ಹಿಂದೆ ನಿಲ್ಲುವುದು ಲೇಸು. ಸಿದ್ಧನಿದ್ದರೂ ಚಿತ್ರವನ್ನು ಮೊದಲು ತಾನೊಬ್ಬನೇ ನೋಡಿರತಕ್ಕದ್ದು. ಮನೆಯಲ್ಲಿ ಇನ್ನೂ ಚಿಕ್ಕ ಮಗುವಿದ್ದರೆ ಅದರ ವಯಸ್ಸನ್ನೇ ಅಳತೆಯಾಗಿ ಹಿಡಿಯತಕ್ಕದ್ದು, ಏಕೆಂದರೆ ಒಂದೇ ಕೋಣೆಯ ಮನೆಯಲ್ಲಿ ಅಣ್ಣನು ನೋಡಿದ್ದನ್ನು ತಂಗಿ ನೋಡಿಯೇ ನೋಡುತ್ತಾಳೆ.

ಮೊಮ್ಮಗನೊಡನೆ ಮಾತು ಆಮೇಲಾದರೂ ನಡೆಯಿತು. ನಾಲ್ಕನೆಯ ದಿನ ಅವನೇ ಕೇಳಿದ: 'ಅಜ್ಜಾ, ಅವಾ ಆ ಮನೀಗೆ ಹೊಳ್ಳಿ ಯಾಕ ಹೋಗಲಿಲ್ಲ? ಬೈಸಿಕೊಂಡಿದ್ರ ಆಕಿ ಬದುಕ್ತಿದ್ದಳಲ್ಲ?' ಇಡೀ ಚಿತ್ರದ ನಡುಮರ್ಮವೇ ಅದು. ಸೇಯಿತನ ಮಾನವೇ ಅವನ ಪ್ರೀತಿಯನ್ನು ಸೋಲಿಸಿತೆಂಬುದನ್ನು ನಾನು ಗುರುತಿಸಿದ್ದು ಎರಡನೆಯ ಸಲ ನೋಡಿದಾಗ; ಒಂಬತ್ತರ ಹುಡುಗ ಅದನ್ನು ಒಂದೇ ಸಲಕ್ಕೆ ಕಂಡಿದ್ದ. ಹಾಗಾದರೆ ಅವನು ಆ ಚಿತ್ರಕ್ಕೆ ತಕ್ಕವನೇ ಆಗಿದ್ದನೆನ್ನಬಹುದೇ? ಬುದ್ಧಿಗೆ ತಕ್ಕವನಿದ್ದ. ಆದರೆ ಮೂರು ದಿನ ಆ ಭಾರವನ್ನು ಅವನು ಒಬ್ಬನೇ ಹೊತ್ತ, ಹೊರಬೇಕಾಗಿರಲಿಲ್ಲ. ಈಗಲೂ ಒಮ್ಮೊಮ್ಮೆ ತನ್ನ ತಾಟಿನಿಂದ ತಂಗಿಯ ತಾಟಿಗೆ ಒಂದು ತುಣುಕು ಹಾಕುತ್ತಾನೆ. ನಾವು ಯಾರೂ ಬೇಡವೆನ್ನುವುದಿಲ್ಲ.