ಬೆಟ್ಟದ ಮೇಲಿನ ಮಗು



ಅಂಬಿಕಾಸುತನ್ ಮಾಂಗಾಡ್ ಅವರ ಮಲಯಾಳಂ ಕಾದಂಬರಿ ‘ಎನ್ಮಕಜೆ’ ಪ್ರಕಟವಾದದ್ದು 2009ರಲ್ಲಿ. ಅದರ ಕಥೆ ನಡೆಯುವುದು ನಮ್ಮ ಮಂಗಳೂರಿನ ನೆರೆಯಲ್ಲೇ, ಕನ್ನಡ–ತುಳು ಮಾತನಾಡುವ ಕಾಸರಗೋಡಿನ ಎಣ್ಮಕಜೆಯಲ್ಲಿ. ಸುಮಾರು ಎರಡು ದಶಕಗಳ ಕಾಲ, 2000ದವರೆಗೆ, ಅಲ್ಲಿನ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರುಗಳು ಎಂಡೋಸಲ್ಫಾನ್ ಸುರಿಸಿದವು. ನಮ್ಮ ಜಿಲ್ಲೆಯ ಕೊಕ್ಕಡವೂ ಇದನ್ನು ಕಂಡಿದೆ.

ಮನುಷ್ಯ ಸಂಬಂಧಗಳನ್ನು ತೊರೆದು ಬೆಟ್ಟ ಸೇರಿದ ನೀಲಕಂಠನ್ ಮತ್ತು ದೇವಯಾನಿಯ ಬದುಕಿಗೆ, ಮೈತುಂಬ ಹುಣ್ಣಿರುವ, ಕೂದಲು ನರೆತ ಮಗುವೊಂದು ಬರುತ್ತದೆ. ತಂದವಳು ದೇವಯಾನಿ, ಸಿಡುಕುವವನು ನೀಲಕಂಠನ್. ಮಗುವಿನ ಹೆಸರು ಪರೀಕ್ಷಿತ. ಗರ್ಭದಲ್ಲಿರುವಾಗಲೇ ಅಸ್ತ್ರಕ್ಕೆ ಗುರಿಯಾದ ಮಹಾಭಾರತದ ಶಿಶುವನ್ನು ಈ ಹೆಸರು ನೆನಪಿಸುತ್ತದೆ. ಯುದ್ಧ ಹೂಡಿದವರು ಬೇರೆ, ಗಾಯಗೊಂಡದ್ದು ಇನ್ನೂ ಹುಟ್ಟದ ಜೀವ! ಇಡೀ ಕಾದಂಬರಿಯ ನ್ಯಾಯವಿಚಾರ ಈ ಒಂದು ಹೆಸರಿನಲ್ಲಿ ಅಡಗಿದೆ.

ಊರಿನವರು ಇದನ್ನು ದೈವದ ಶಾಪವೆನ್ನುತ್ತಾರೆ. ಹುಟ್ಟು ಕುರುಡನನ್ನು ಕಂಡ ಶಿಷ್ಯರೂ ಪಾಪ ಯಾರದೆಂದು ಪ್ರಭುವನ್ನು ಕೇಳಿದ್ದರಲ್ಲವೇ? ಆತನು ಆ ಪ್ರಶ್ನೆಯನ್ನೇ ತಿರಸ್ಕರಿಸಿದನು. ಆದರೂ ಇಂಥ ಮಗುವಿನ ತಾಯಿಯನ್ನು ಇಂದಿಗೂ ನೆಂಟರು, ನೆರೆಯವರು, ಕೆಲವೊಮ್ಮೆ ನಾವೂ ಅದನ್ನೇ ಕೇಳುತ್ತೇವೆ. ಶಾಪವೆಂಬ ಮಾತು ತಾಯಿಯನ್ನು ಒಂಟಿಯಾಗಿಸುತ್ತದೆ, ವಿಷ ಸುರಿದವರನ್ನು ಮರೆಮಾಡುತ್ತದೆ. ಇದನ್ನು ತೋರಿಸಿರುವುದು ಕೃತಿಯ ದೊಡ್ಡ ಗುಣ.

ಒಂದು ಕೊರತೆಯನ್ನೂ ಹೇಳಬೇಕು. ಹೋರಾಟದ ಕಥೆ ಬಿರುಸಾದಂತೆ ಮಗು ಹಿನ್ನೆಲೆಗೆ ಸರಿದು, ಬರಿಯ ಸಾಕ್ಷಿಯಾಗಿಬಿಡುತ್ತದೆ. ಗಂಜಿ ಉಣಿಸುವ, ಮಗ್ಗುಲು ಬದಲಿಸುವ, ರಾತ್ರಿಯಿಡೀ ಕಾಯುವ ದುಡಿಮೆಗೆ ಇನ್ನಷ್ಟು ಪುಟಗಳು ಸಲ್ಲಬೇಕಿತ್ತು. ದೇವಯಾನಿ ಆರಿಸಿಕೊಂಡು ತಾಯಿಯಾದವಳು; ನಿಜವಾದ ಹೆತ್ತವರಿಗೆ ಆ ಆಯ್ಕೆಯಿರಲಿಲ್ಲ, ಓಡಿಹೋಗಲು ಬೆಟ್ಟವೂ ಇರಲಿಲ್ಲ.

2011ರಲ್ಲಿ ಸುಪ್ರೀಂ ಕೋರ್ಟು ಎಂಡೋಸಲ್ಫಾನನ್ನು ನಿಷೇಧಿಸಿತು. 2017ರಲ್ಲಿ, ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಹಣ ಬೇಕು, ನಿಜ. ಆದರೆ ಎಂಬತ್ತರ ದಶಕದಲ್ಲಿ ಹುಟ್ಟಿದ ಮಕ್ಕಳಿಗೆ ಈಗ ನಲವತ್ತರ ಆಸುಪಾಸು. ಎತ್ತಿಕೊಳ್ಳುವ ತಾಯಂದಿರ ತೋಳುಗಳು ಸೋತಿವೆ. ‘ನನ್ನ ನಂತರ ಯಾರು?’ ಎಂಬ ಅವರ ಪ್ರಶ್ನೆಗೆ ಕಾದಂಬರಿ ಉತ್ತರಿಸುವುದಿಲ್ಲ. ಉತ್ತರಿಸಬೇಕಾದವರು, ಪುಸ್ತಕ ಮುಚ್ಚಿದ ಮೇಲೆ, ನಾವು.